ಕಾಲಕ್ಕೆ ತಕ್ಕ ತಿಂಡಿ, ನಾಯಿಗೆಂದೇ ಬೇಯಿಸಿದ್ದು

ನಾಯಿಗಾಗಿ ಮನೆಯಲ್ಲೇ ಬಿಸ್ಕತ್ತು ಮಾಡಲು ಬೇಕಾದ ಸಾಮಾನು ಕರ್ನಾಟಕದ ಹೆಚ್ಚಿನ ಅಡುಗೆಮನೆಗಳಲ್ಲಿ ಇದ್ದೇ ಇರುತ್ತದೆ: ರಾಗಿ ಹಿಟ್ಟು, ಗೋಧಿ ಹಿಟ್ಟು, ಒಂದು ಮೊಟ್ಟೆ, ಆಯಾ ಕಾಲಕ್ಕೆ ಸಂತೆಗೆ ಬರುವ ಒಂದು ತರಕಾರಿ ಅಥವಾ ಹಣ್ಣು. ಉಪ್ಪು, ಸಕ್ಕರೆ, ಬೆಲ್ಲ, ತುಪ್ಪ, ಮಸಾಲೆ ಯಾವುದೂ ಬೇಕಿಲ್ಲ. ಮನೆಮಂದಿಗೆ ಮಾಡಿದ ಹಬ್ಬದಡುಗೆಯಲ್ಲಿ ನಾಯಿಗೊಂದು ಪಾಲು ತೆಗೆದಿಡುವುದು ವಾಡಿಕೆ. ಆ ಪ್ರೀತಿ ಒಳ್ಳೆಯದೇ. ಆದರೆ ಮನುಷ್ಯರ ಹಬ್ಬದಡುಗೆಯಲ್ಲಿ ನಾಯಿಯ ದೇಹಕ್ಕೆ ಒಗ್ಗದ ಪದಾರ್ಥಗಳು ಹಲವಿರುತ್ತವೆ. ಅದೇ ಪ್ರೀತಿಯಲ್ಲಿ, ಅದೇ ಕಾಲದ ಬೆಳೆಯಿಂದ, ನಾಯಿಗೆಂದೇ ಬೇರೆಯಾಗಿ ಬೇಯಿಸಿದ ತಿಂಡಿ ಅದಕ್ಕೆ ರುಚಿಸುತ್ತದೆ, ಸುರಕ್ಷಿತವೂ ಹೌದು. ಅದನ್ನು ಮಾಡುವಾಗ ತಿಳಿದಿರಬೇಕಾದ ಸಂಗತಿಗಳು ಮೂರು: ಎಷ್ಟು ಕೊಡಬೇಕು, ಏನು ಹಾಕಬೇಕು, ಏನು ಹಾಕಲೇಬಾರದು.

ಹಿಟ್ಟು ನಾಯಿಗೆ ಜೀರ್ಣವಾಗುತ್ತದೆಯೇ?

ನಾಯಿ ಮಾಂಸಾಹಾರಿ, ಅದಕ್ಕೆ ಧಾನ್ಯ ಸಲ್ಲದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಕಿಣ್ವಕ್ಕೆ ಕಾರಣವಾದ ಜೀನ್ ತೋಳಗಳಲ್ಲಿ ಎರಡು ಪ್ರತಿಗಳಷ್ಟೇ ಇದ್ದರೆ, ನಾಯಿಗಳಲ್ಲಿ 4ರಿಂದ 30 ಪ್ರತಿಗಳು ಕಂಡುಬಂದವು. ಬೇಸಾಯ ಕಲಿತ ಮನುಷ್ಯನ ಜೊತೆ ಬಾಳುತ್ತ, ಅವನು ಉಂಡು ಮಿಕ್ಕಿದ್ದನ್ನು ತಿನ್ನುತ್ತ, ನಾಯಿಯ ಹೊಟ್ಟೆ ಧಾನ್ಯಕ್ಕೆ ಹೊಂದಿಕೊಂಡಿತು. ಹಳೆ ಮೈಸೂರು ಸೀಮೆಯಲ್ಲಿ ಮುದ್ದೆ, ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿ ತಿಂದು ತಲೆಮಾರುಗಳಿಂದ ಹೊಲ ಕಾದ ನಾಯಿಗಳೇ ಇದಕ್ಕೆ ಸಾಕ್ಷಿ.

ಹಿಟ್ಟು ಚೆನ್ನಾಗಿ ಬೆಂದಿರಬೇಕು ಎಂಬುದೊಂದೇ ಷರತ್ತು. ಬೆಂದ ಪಿಷ್ಟ ನೀರು ಹೀರಿ ಮೆತ್ತಗಾಗುವುದರಿಂದ ಕಿಣ್ವಕ್ಕೆ ಸುಲಭವಾಗಿ ಸಿಗುತ್ತದೆ. ಹಸಿ ಹಿಟ್ಟು ಹೊಟ್ಟೆ ಕೆಡಿಸುತ್ತದೆ. ನಾಯಿ ಬಿಸ್ಕತ್ತು ಮಾರುಕಟ್ಟೆಯ ಸರಕಾಗಿದ್ದೂ ಬೆಂದ ಗೋಧಿಯಿಂದಲೇ. 1860ರ ಸುಮಾರಿಗೆ ಲಂಡನ್ನಿನಲ್ಲಿದ್ದ ಅಮೆರಿಕದ ಉದ್ಯಮಿ ಜೇಮ್ಸ್ ಸ್ಪ್ರಾಟ್ ಗೋಧಿ, ತರಕಾರಿ ಮತ್ತು ಮಾಂಸ ಸೇರಿಸಿ ಬೇಯಿಸಿದ ನಾಯಿ ಬಿಸ್ಕತ್ತುಗಳನ್ನು ಮಾರತೊಡಗಿದ. ಮನೆಯ ಒಲೆಯಲ್ಲಿ ಮಾಡುವ ಬಿಸ್ಕತ್ತಿನ ಮೂಲ ಸೂತ್ರವೂ ಹೆಚ್ಚುಕಡಿಮೆ ಅದೇ.

ಎಷ್ಟು ಕೊಡಬೇಕು?

ನಾಯಿಗೆ ದಿನಕ್ಕೆ ಬೇಕಾದ ಕ್ಯಾಲೊರಿಯಲ್ಲಿ ತಿಂಡಿಯ ಪಾಲು ನೂರಕ್ಕೆ ಹತ್ತನ್ನು ಮೀರಬಾರದು ಎಂಬುದು ಪಶುವೈದ್ಯರು ಒಪ್ಪಿರುವ ನಿಯಮ. ಉಳಿದ ತೊಂಬತ್ತು ಪಾಲು ಸಮತೋಲನದ ಊಟದಿಂದಲೇ ಬರಬೇಕು. ತಿಂಡಿ ಹೆಚ್ಚಾದರೆ ಮೈ ಕೊಬ್ಬುವುದಷ್ಟೇ ಅಲ್ಲ, ಊಟದಿಂದ ಸಿಗಬೇಕಾದ ಪ್ರೋಟೀನ್, ಖನಿಜ, ವಿಟಮಿನ್ನುಗಳಿಗೂ ಕೊರತೆ ಬೀಳುತ್ತದೆ.

ಲೆಕ್ಕ ಹೀಗೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ, ಸಾಧಾರಣ ಓಡಾಟವಿರುವ 10 ಕಿಲೋ ತೂಕದ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 600 ಕಿಲೋ ಕ್ಯಾಲೊರಿ ಬೇಕು. ಅದರಲ್ಲಿ ತಿಂಡಿಯ ಪಾಲು 60. ಮುಂದೆ ಹೇಳಿರುವ ಅಳತೆಯಲ್ಲಿ ಮಾಡಿದ ಒಂದು ಬಿಸ್ಕತ್ತಿನಲ್ಲಿ ಸುಮಾರು 10 ಕಿಲೋ ಕ್ಯಾಲೊರಿ ಇರುವುದರಿಂದ, ಅದಕ್ಕೆ ದಿನಕ್ಕೆ ಆರು ಬಿಸ್ಕತ್ತು ಸಾಕು. 5 ಕಿಲೋ ತೂಗುವ ಪಮೇರಿಯನ್‌ಗೆ ಮೂರು, 25 ಕಿಲೋ ನಾಯಿಗೆ ಹನ್ನೆರಡು. ಇದು ಗರಿಷ್ಠ ಮಿತಿ. ದಿನವೂ ಇಷ್ಟನ್ನು ಮುಗಿಸಲೇಬೇಕೆಂದಿಲ್ಲ. ತಿಂಡಿ ಕೊಟ್ಟ ದಿನ ಊಟದಲ್ಲಿ ಅಷ್ಟನ್ನು ಕಡಿಮೆ ಮಾಡುವುದು ಒಳ್ಳೆಯದು.

ಲ್ಯಾಬ್ರಡಾರ್ ಸಾಕಿದವರಿಗೆ ಇನ್ನೂ ಬಿಗಿ ಕೈ ಬೇಕು. ಲ್ಯಾಬ್ರಡಾರ್‌ಗಳಲ್ಲಿ ಸರಿಸುಮಾರು ನಾಲ್ಕರಲ್ಲೊಂದು ನಾಯಿಗೆ ಹಸಿವು ಮತ್ತು ತೂಕಕ್ಕೆ ಸಂಬಂಧಿಸಿದ ಒಂದು ಜೀನ್‌ನಲ್ಲಿ ಲೋಪವಿದೆ ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಎಷ್ಟು ತಿಂದರೂ ಇನ್ನೂ ಬೇಕೆಂದು ನೋಡುವ ಆ ಕಣ್ಣುಗಳನ್ನು ಹಸಿವಿನ ಅಳತೆಗೋಲು ಮಾಡಿಕೊಳ್ಳುವಂತಿಲ್ಲ. ನಾಯಿಗೆ ಮುಖ್ಯವಾಗುವುದು ತುಣುಕಿನ ಗಾತ್ರಕ್ಕಿಂತ ಅದನ್ನು ಎಷ್ಟು ಸಲ ಕೊಟ್ಟರು ಎಂಬುದು. ಒಂದು ಬಿಸ್ಕತ್ತನ್ನು ನಾಲ್ಕಾಗಿ ಮುರಿದು ನಾಲ್ಕು ಸಲ ಕೊಟ್ಟರೆ ಖುಷಿಯೂ ನಾಲ್ಕು ಸಲ.

ಮೂಲ ಹಿಟ್ಟು

ಗೋಧಿ ಹಿಟ್ಟು 150 ಗ್ರಾಂ, ರಾಗಿ ಹಿಟ್ಟು 100 ಗ್ರಾಂ, ಬೇಯಿಸಿ ಮಸೆದ ಸಿಹಿಕುಂಬಳದ ತಿರುಳು 120 ಗ್ರಾಂ, ಮೊಟ್ಟೆ ಒಂದು, ಕಡಲೆಕಾಯಿ ಅಥವಾ ಸೂರ್ಯಕಾಂತಿ ಎಣ್ಣೆ ಒಂದು ಚಮಚ. ಇಷ್ಟರಲ್ಲಿ ಒಟ್ಟು ಸುಮಾರು 1,000 ಕಿಲೋ ಕ್ಯಾಲೊರಿ ಇದೆ. ನೂರು ಬಿಸ್ಕತ್ತಾಗಿ ಕತ್ತರಿಸಿದರೆ ಒಂದೊಂದಕ್ಕೆ ಹತ್ತು.

ಕುಂಬಳವನ್ನು ಸಿಪ್ಪೆ, ಬೀಜ ತೆಗೆದು ಹಬೆಯಲ್ಲಿ ಬೇಯಿಸಬೇಕು. ನೀರಿನಲ್ಲಿ ಕುದಿಸಿದರೆ ತಿರುಳು ನೀರು ಕುಡಿದು ಹಿಟ್ಟು ಕೈಗೆ ಅಂಟುತ್ತದೆ. ಪೂರ್ತಿ ಆರಿದ ಮೇಲೆ ಮೊಟ್ಟೆ, ಎಣ್ಣೆ ಸೇರಿಸಿ ಕಲಸಿ, ಎರಡೂ ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಬೇಕು. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಅದೊಂದನ್ನೇ ಬಳಸಿದರೆ ಲಟ್ಟಿಸುವಾಗ ಅಂಚು ಬಿರಿಯುತ್ತದೆ, ಬೆಂದ ಮೇಲೆ ಪುಡಿಯಾಗುತ್ತದೆ. ಗೋಧಿ ಮತ್ತು ಮೊಟ್ಟೆ ಅದನ್ನು ಹಿಡಿದಿಡುತ್ತವೆ. ಗೋಧಿ ಒಗ್ಗದ ನಾಯಿಗೆ ರಾಗಿಯ ಜೊತೆ ಅಕ್ಕಿ ಹಿಟ್ಟು ಬಳಸಿ, ಲಟ್ಟಿಸುವ ಬದಲು ಸಣ್ಣ ಉಂಡೆ ಮಾಡಿ ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿದರಾಯಿತು.

ಹಿಟ್ಟನ್ನು ಹದಿನೈದು ನಿಮಿಷ ಮುಚ್ಚಿಟ್ಟರೆ ರಾಗಿ ತೇವ ಹೀರಿಕೊಂಡು ಹದಕ್ಕೆ ಬರುತ್ತದೆ. ಬಳಿಕ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಒಂದು ಅಂಗುಲದ ಆಸುಪಾಸಿನ ಚೌಕಗಳಾಗಿ ಚಾಕುವಿನಲ್ಲಿ ಗೀರಿ, ಪ್ರತಿ ತುಂಡಿಗೂ ಫೋರ್ಕಿನಿಂದ ಎರಡು ಮೂರು ಕಡೆ ಚುಚ್ಚಬೇಕು. ಒಳಗಿನ ಹಬೆ ಆ ತೂತುಗಳಿಂದ ಹೊರಹೋಗುವುದರಿಂದ ಬಿಸ್ಕತ್ತು ಉಬ್ಬದೆ ಸಮನಾಗಿ ಒಣಗುತ್ತದೆ.

ಓಟಿಜಿಯಲ್ಲಿ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 25ರಿಂದ 30 ನಿಮಿಷ ಬೇಯಿಸಿ, ಒಲೆ ಆರಿಸಿದ ಮೇಲೂ ಒಂದು ಗಂಟೆ ಒಳಗೇ ಬಿಟ್ಟರೆ ಉಳಿದ ತೇವವೂ ಹೋಗುತ್ತದೆ. ಓಟಿಜಿ ಇಲ್ಲದ ಮನೆಯಲ್ಲಿ ಪ್ರೆಷರ್ ಕುಕ್ಕರ್ ಆಗುತ್ತದೆ: ತಳಕ್ಕೆ ಉಪ್ಪು ಅಥವಾ ಮರಳು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದು ಹತ್ತು ನಿಮಿಷ ಕಾಯಿಸಿ, ತಟ್ಟೆಯನ್ನು ಒಳಗಿಟ್ಟು ಸಣ್ಣ ಉರಿಯಲ್ಲಿ ಬೇಯಿಸುವುದು. ಅದೂ ಬೇಡವೆಂದರೆ ದಪ್ಪ ಕಾವಲಿಯ ಮೇಲೆ ಮುಚ್ಚಳ ಮುಚ್ಚಿ, ಎರಡೂ ಬದಿ ಮಗುಚುತ್ತ ನಿಧಾನವಾಗಿ ಬೇಯಿಸಬಹುದು. ಬೆಂದ ಬಿಸ್ಕತ್ತು ಕೈಯಲ್ಲಿ ಮುರಿದಾಗ ಸದ್ದು ಮಾಡಬೇಕು, ನಡುವೆ ಹಸಿ ಇರಬಾರದು. ಮುದಿ ನಾಯಿಗೆ, ಹಲ್ಲು ಸವೆದ ನಾಯಿಗೆ ಹತ್ತು ನಿಮಿಷ ಮೊದಲೇ ತೆಗೆದು ಮೆತ್ತಗೆ ಉಳಿಸಿಕೊಳ್ಳಬೇಕು.

ಈ ಹಿಟ್ಟಿಗೆ ಬೇಕಿಂಗ್ ಪೌಡರ್, ಸೋಡಾ, ಯೀಸ್ಟ್ ಯಾವುದೂ ಬೇಡ. ನಾಯಿ ಬಿಸ್ಕತ್ತು ಉಬ್ಬಬೇಕಾದ ಅಗತ್ಯವೇ ಇಲ್ಲ.

ಬೇಸಿಗೆಯಿಂದ ಸಂಕ್ರಾಂತಿಯವರೆಗೆ

ಬೇಸಿಗೆಯಲ್ಲಿ ಒಲೆಗಿಂತ ಫ್ರೀಜರಿಗೆ ಕೆಲಸ ಹೆಚ್ಚು. ಬೀಜ ತೆಗೆದ ಕಲ್ಲಂಗಡಿಯ ಕೆಂಪು ತಿರುಳನ್ನು ಮಸೆದು, ಸಿಹಿ ಹಾಕದ ಮೊಸರಿನೊಂದಿಗೆ ಬೆರೆಸಿ ಐಸ್ ಟ್ರೇಯಲ್ಲಿ ಗಟ್ಟಿಯಾಗಿಸಿದರೆ ನೆಕ್ಕುವ ತಿಂಡಿ ಸಿದ್ಧ. ಬಹಳ ನಾಯಿಗಳಿಗೆ ಹಾಲಿನ ಲ್ಯಾಕ್ಟೋಸ್ ಜೀರ್ಣವಾಗದೆ ಭೇದಿಯಾಗುತ್ತದೆ. ಹೆಪ್ಪುಗಟ್ಟಿದ ಮೊಸರಿನಲ್ಲಿ ಲ್ಯಾಕ್ಟೋಸ್ ಕಡಿಮೆ. ಮಾವಿನ ಹಣ್ಣಿನ ತಿರುಳು ಒಂದೆರಡು ಚೂರು ಕೊಡಬಹುದು. ಆದರೆ ವಾಟೆಯನ್ನು ಬಾಯಿಗೆ ಸಿಗದಂತೆ ಎಸೆಯಬೇಕು. ನುಣುಪಾದ ಮಾವಿನ ವಾಟೆ ಗಂಟಲಲ್ಲಿ ಅಥವಾ ಕರುಳಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಗತಿ.

ಮಳೆಗಾಲದಲ್ಲಿ ರಸ್ತೆಬದಿಯಲ್ಲಿ ಮುಸುಕಿನ ಜೋಳ ಸುಡುವ ಹೊಗೆ ಏಳುತ್ತದೆ. ಉಪ್ಪು, ಖಾರ, ನಿಂಬೆ ಸವರದ ಬೆಂದ ಕಾಳನ್ನು ರುಬ್ಬಿ ಮೂಲ ಹಿಟ್ಟಿಗೆ ಕುಂಬಳದ ಬದಲು ಸೇರಿಸಬಹುದು. ದಿಂಡು ಮಾತ್ರ ಮಾವಿನ ವಾಟೆಯಷ್ಟೇ ಅಪಾಯಕಾರಿ: ಅದು ಹೊಟ್ಟೆಯಲ್ಲಿ ಕರಗುವುದಿಲ್ಲ, ತುಂಡುಗಳು ಕರುಳನ್ನು ಮುಚ್ಚುತ್ತವೆ. ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದ್ದು, ಆಗಸ್ಟ್‌ನಲ್ಲಿ ದೋಣಿಗಳು ಮತ್ತೆ ಕಡಲಿಗಿಳಿಯುತ್ತವೆ. ಆಮೇಲೆ ಸಿಗುವ ಬೂತಾಯಿ, ಬಂಗುಡೆ ನಾಯಿ ಬಿಸ್ಕತ್ತಿಗೆ ಬಹಳ ಒಳ್ಳೆಯವು. ಒಮೆಗಾ-3 ಕೊಬ್ಬು ಇವುಗಳಲ್ಲಿ ಸಮೃದ್ಧ. ವಾಸನೆಯಂತೂ ನಾಯಿಗೆ ಎಲ್ಲಕ್ಕಿಂತ ಇಷ್ಟ. ಮೀನನ್ನು ಬರೀ ನೀರಲ್ಲಿ ಬೇಯಿಸಿ, ಮುಳ್ಳನ್ನು ಬೆರಳಲ್ಲಿ ತಡವಿ ಒಂದೂ ಬಿಡದೆ ತೆಗೆದು ಹಿಟ್ಟಿಗೆ ಬೆರೆಸಬೇಕು. ಉಪ್ಪು ಹಾಕಿ ಒಣಗಿಸಿದ ಮೀನು ಸಲ್ಲದು.

ನವರಾತ್ರಿಯಿಂದ ದೀಪಾವಳಿಯವರೆಗೆ ಸಿಹಿಕುಂಬಳ ಅಗ್ಗ. 100 ಗ್ರಾಂ ತಿರುಳಿನಲ್ಲಿ 26 ಕಿಲೋ ಕ್ಯಾಲೊರಿಯಷ್ಟೇ ಇದ್ದು, ನಾರಿನಂಶ ಮಲ ಸರಾಗವಾಗಲು ನೆರವಾಗುತ್ತದೆ. ಹೀಗಾಗಿ ಮೂಲ ಸೂತ್ರಕ್ಕೆ ಕುಂಬಳವನ್ನೇ ಆಯ್ದುಕೊಂಡದ್ದು. ಇದೇ ಕಾಲ ಪಟಾಕಿಯದ್ದೂ ಹೌದು. ಸದ್ದಿಗೆ ನಡುಗುವ ನಾಯಿಗೆ ತಿಂಡಿ ಕೊಟ್ಟರೆ ಹೆದರಿಕೆಯೇ ಅಭ್ಯಾಸವಾದೀತು ಎಂದು ಹಲವರು ಹಿಂಜರಿಯುತ್ತಾರೆ. ಹೆದರಿಕೆ ಒಂದು ಭಾವನೆ. ಬಹುಮಾನ ಕೊಟ್ಟರೆ ಅದು ಬೆಳೆಯುವುದಿಲ್ಲ. ಪ್ರತಿ ಸದ್ದಿನ ಬೆನ್ನಿಗೇ ಇಷ್ಟದ ತುಣುಕೊಂದು ಸಿಕ್ಕರೆ ಸದ್ದಿಗೂ ಒಳ್ಳೆಯದಕ್ಕೂ ನಂಟು ಬೆಳೆದು ಹಲವು ನಾಯಿಗಳು ಸಾವರಿಸಿಕೊಳ್ಳುತ್ತವೆ. ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ ಮೀನಿನ ಅಥವಾ ಕೋಳಿ ಮಾಂಸದ ಬಿಸ್ಕತ್ತಿನ ಸಣ್ಣ ಚೂರುಗಳನ್ನು ಡಬ್ಬಿಯಲ್ಲಿ ಸಿದ್ಧವಾಗಿ ಇಟ್ಟುಕೊಂಡರೆ ಆ ಸಂಜೆಗಳು ಸಹ್ಯವಾಗುತ್ತವೆ.

ಕಾರ್ತೀಕದಲ್ಲಿ ಹೊಸ ಕಡಲೆಕಾಯಿ ಬರುತ್ತದೆ. ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆ ನಡೆಯುವುದು ಕೊನೆಯ ಕಾರ್ತೀಕ ಸೋಮವಾರ. ಉಪ್ಪಿಲ್ಲದೆ ಹುರಿದು, ಸಿಪ್ಪೆ ಉದುರಿಸಿ, ನುಣ್ಣಗೆ ಅರೆದ ಕಡಲೆಬೀಜ ಒಂದೆರಡು ಚಮಚ ಸಾಕು, ಇಡೀ ಹಿಟ್ಟಿಗೆ ಪರಿಮಳ ಬರುತ್ತದೆ. ಅದರಲ್ಲಿ ಅರ್ಧದಷ್ಟು ಎಣ್ಣೆಯೇ ಇರುವುದರಿಂದ ಬೇರೆ ಎಣ್ಣೆ ಬೇಡ. ಚಳಿಗಾಲದ ಕ್ಯಾರೆಟ್ ತುರಿದು ಹಾಕಬಹುದು. ಸಂಕ್ರಾಂತಿಗೆ ಮನೆಮನೆಯಲ್ಲಿ ಬೇಯುವ ಗೆಣಸು ಬೇರೆ ಹಿಟ್ಟಿನ ಹಂಗಿಲ್ಲದೆಯೇ ತಿಂಡಿಯಾಗುತ್ತದೆ. ಸಿಪ್ಪೆ ತೆಗೆದ ಗೆಣಸನ್ನು ಉದ್ದುದ್ದಕ್ಕೆ ಅರ್ಧ ಸೆಂಟಿಮೀಟರ್ ದಪ್ಪದ ಸೀಳುಗಳಾಗಿ ಹೆಚ್ಚಿ, 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಮಗುಚುತ್ತ ಒಣಗಿಸಿದರೆ ಅಗಿಯಲು ಹದವಾದ ಪಟ್ಟಿಗಳು ಸಿಗುತ್ತವೆ. ಎಳ್ಳು-ಬೆಲ್ಲದ ಪಾಲು ಮಾತ್ರ ನಾಯಿಗೆ ಬೇಡ. ಬೆಲ್ಲ ಬರೀ ಕ್ಯಾಲೊರಿ, ಕೊಬ್ಬರಿ ಬರೀ ಕೊಬ್ಬು.

ಹಾಕಲೇಬಾರದ ಪದಾರ್ಥಗಳು

ಮನುಷ್ಯರಿಗೆ ನಿರಪಾಯವಾದ ಕೆಲವು ಪದಾರ್ಥಗಳು ನಾಯಿಗೆ ವಿಷ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ.

ಚಾಕೊಲೇಟ್ ಮತ್ತು ಕೋಕೋ ಪುಡಿಯಲ್ಲಿರುವ ಥಿಯೋಬ್ರೊಮಿನ್ ಅನ್ನು ನಾಯಿಯ ದೇಹ ಬಹಳ ನಿಧಾನವಾಗಿ ಹೊರಹಾಕುತ್ತದೆ. ಒಂದು ಕಿಲೋ ದೇಹತೂಕಕ್ಕೆ 20 ಮಿಲಿಗ್ರಾಂ ಸೇರಿದರೆ ವಾಂತಿ, ಭೇದಿ, ಚಡಪಡಿಕೆ ಶುರುವಾಗುತ್ತದೆ. 40ರಿಂದ 50ಕ್ಕೆ ಹೃದಯದ ಬಡಿತ ಏರುಪೇರಾಗುತ್ತದೆ. 60ಕ್ಕೆ ಅಪಸ್ಮಾರ ಬರಬಹುದು. 5 ಕಿಲೋ ನಾಯಿ ಅಸ್ವಸ್ಥವಾಗಲು ಒಂದು ಟೇಬಲ್ ಚಮಚದಷ್ಟು ಕೋಕೋ ಪುಡಿ ಸಾಕು.

ಝೈಲಿಟಾಲ್ ಎಂಬ ಸಿಹಿಕಾರಕ ಇನ್ನೂ ವೇಗದ ವಿಷ. ಸಕ್ಕರೆರಹಿತ ಚೂಯಿಂಗ್ ಗಮ್, ಮಿಠಾಯಿ, ಕೆಲವು ಬಗೆಯ ಪೀನಟ್ ಬಟರ್‌ಗಳಲ್ಲಿ ಇದಿರುತ್ತದೆ. ನಾಯಿಯ ದೇಹದಲ್ಲಿ ಇದು ಇನ್ಸುಲಿನ್ ಅನ್ನು ಒಮ್ಮೆಲೇ ಹರಿಯಬಿಟ್ಟು ರಕ್ತದ ಸಕ್ಕರೆಯನ್ನು ಪಾತಾಳಕ್ಕಿಳಿಸುತ್ತದೆ. ಪ್ರಮಾಣ ಹೆಚ್ಚಾದರೆ ಯಕೃತ್ತು ಸೋಲುತ್ತದೆ. ಕಿಲೋ ದೇಹತೂಕಕ್ಕೆ 0.1 ಗ್ರಾಂ ಕೂಡ ಅಪಾಯ. ಅಂಗಡಿಯ ಪೀನಟ್ ಬಟರ್ ಬಳಸುವ ಮೊದಲು ಡಬ್ಬಿಯ ಮೇಲಿನ ಪದಾರ್ಥಪಟ್ಟಿ ಓದಲೇಬೇಕು. ಮನೆಯಲ್ಲೇ ಅರೆದ ಕಡಲೆಬೀಜಕ್ಕೆ ಈ ಆತಂಕವಿಲ್ಲ.

ದ್ರಾಕ್ಷಿ ಮತ್ತು ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನು ಒಂದೆರಡು ದಿನಗಳಲ್ಲೇ ಕೆಡಿಸುತ್ತವೆ. ಯಾವ ನಾಯಿಗೆ ಎಷ್ಟರಲ್ಲಿ ಎಂದು ಮೊದಲೇ ಹೇಳಲಾಗದು. ಇದರ ಹಿಂದಿರುವುದು ಟಾರ್ಟಾರಿಕ್ ಆಮ್ಲ ಇರಬೇಕೆಂದು ಅಮೆರಿಕದ ಪಶುವಿಷ ತಜ್ಞರು 2021ರಲ್ಲಿ ಸೂಚಿಸಿದರು. ಕ್ರೀಮ್ ಆಫ್ ಟಾರ್ಟರ್ ಮತ್ತು ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಅದೇ ರೀತಿಯ ಮೂತ್ರಪಿಂಡದ ಹಾನಿ ಕಂಡದ್ದು ಈ ಊಹೆಗೆ ಬಲ ಕೊಟ್ಟಿತು. ಹುಣಸೆಯಿಲ್ಲದೆ ಅಡುಗೆಯೇ ಇಲ್ಲವೆಂಬ ನಾಡಿಗೆ ಇದು ನೇರವಾಗಿ ಅನ್ವಯಿಸುವ ಎಚ್ಚರಿಕೆ. ಕೆಲವು ಬೇಕಿಂಗ್ ಪೌಡರ್‌ಗಳಲ್ಲಿ ಕ್ರೀಮ್ ಆಫ್ ಟಾರ್ಟರ್ ಇರುತ್ತದೆ. ಮೂಲ ಹಿಟ್ಟಿನಲ್ಲಿ ಬೇಕಿಂಗ್ ಪೌಡರ್ ಬಿಡಲು ಇದೂ ಒಂದು ಕಾರಣ. ಒಣದ್ರಾಕ್ಷಿ ಹಾಕಿದ ಪಾಯಸ, ಕೇಸರಿಬಾತು, ಲಾಡು, ಕ್ರಿಸ್‌ಮಸ್ ಕೇಕು ಯಾವುದೂ ನಾಯಿಯ ತಟ್ಟೆಗೆ ಸೇರಬಾರದು.

ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುತ್ತವೆ. ಲಕ್ಷಣ ಕಾಣುವುದು ಕೆಲವು ದಿನ ಕಳೆದ ಮೇಲಾದ್ದರಿಂದ ಕಾರಣ ಹೊಳೆಯುವುದೇ ಇಲ್ಲ. ಮಾಂಸದ ಬಿಸ್ಕತ್ತಿಗೆ ಮಿಕ್ಕ ಸಾರಿನ ತುಂಡುಗಳನ್ನು ಬಳಸಬಾರದೆಂಬುದು ಇದಕ್ಕೇ. ಯೀಸ್ಟ್ ಹಾಕಿದ ಹಸಿ ಹಿಟ್ಟು ಹೊಟ್ಟೆಯ ಶಾಖಕ್ಕೆ ಉಬ್ಬಿ, ಮದ್ಯಸಾರವನ್ನೂ ಉತ್ಪತ್ತಿ ಮಾಡುತ್ತದೆ. ಜಾಯಿಕಾಯಿ, ಮದ್ಯ, ಮೆಕಡೇಮಿಯ ಬೀಜ ಕೂಡ ನಿಷಿದ್ಧ. ತುಪ್ಪ, ಬೆಣ್ಣೆ, ಕರಿದ ತಿಂಡಿಗಳು ವಿಷವಲ್ಲದಿದ್ದರೂ, ಒಮ್ಮೆಗೇ ಹೆಚ್ಚು ಕೊಬ್ಬು ಸೇರಿದರೆ ಮೇದೋಜೀರಕ ಗ್ರಂಥಿ ಊದಿಕೊಂಡು ನಾಯಿ ನೋವಿನಲ್ಲಿ ನರಳುತ್ತದೆ. ಹಬ್ಬದ ಮರುದಿನ ಹೊಟ್ಟೆ ಹಿಡಿದು ಬಾಗಿ ನಿಂತ, ವಾಂತಿ ಮಾಡುವ ನಾಯಿಯನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಕೆಡದಂತೆ ಇಡುವುದು

ಅಂಗಡಿ ಬಿಸ್ಕತ್ತಿನಲ್ಲಿರುವ ಸಂರಕ್ಷಕಗಳು ಮನೆಯದರಲ್ಲಿ ಇಲ್ಲ. ಅದನ್ನು ಕಾಯುವುದು ಒಣಗಿರುವ ಗುಣವೊಂದೇ. ಪೂರ್ತಿ ಆರುವ ಮೊದಲೇ ಡಬ್ಬಿಗೆ ಹಾಕಿದರೆ ಮುಚ್ಚಳದೊಳಗೆ ಹಬೆ ನೀರಾಗಿ ಬೂಸ್ಟು ಹಿಡಿಯುತ್ತದೆ. ಗರಿಗರಿಯಾಗಿ ಒಣಗಿದ್ದು ಗಾಳಿಯಾಡದ ಡಬ್ಬಿಯಲ್ಲಿ ಬೇಸಿಗೆಯಾದರೆ ಎರಡು ವಾರ ಇರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಒಂದು ವಾರಕ್ಕಾಗುವಷ್ಟನ್ನು ಮಾತ್ರ ಹೊರಗಿಟ್ಟು ಉಳಿದದ್ದನ್ನು ಫ್ರೀಜರಿಗೆ ಹಾಕುವುದು ಲೇಸು. ಮೆತ್ತಗಿನ ತಿಂಡಿ, ಮೀನು-ಮಾಂಸ ಹಾಕಿದ್ದು ಫ್ರಿಜ್ಜಿನಲ್ಲಿ ಮೂರು ದಿನ.

ಬೂಸ್ಟು ಹಿಡಿದ ಬಿಸ್ಕತ್ತನ್ನು ಒರೆಸಿ, ಬಿಸಿಲಿಗಿಟ್ಟು ಕೊಡುವಂತಿಲ್ಲ. ಕಡಲೆಕಾಯಿ, ಮುಸುಕಿನ ಜೋಳದ ಮೇಲೆ ಬೆಳೆಯುವ ಶಿಲೀಂಧ್ರದ ಅಫ್ಲಾಟಾಕ್ಸಿನ್ ನಾಯಿಯ ಯಕೃತ್ತಿಗೆ ಮಾರಕ; ಒಲೆಯ ಶಾಖಕ್ಕೂ ಅದು ನಾಶವಾಗುವುದಿಲ್ಲ. 2020ರ ಕೊನೆಯಲ್ಲಿ ಅಮೆರಿಕದಲ್ಲಿ ಅಫ್ಲಾಟಾಕ್ಸಿನ್ ಬೆರೆತ ನಾಯಿ ಆಹಾರವನ್ನು ಮಾರುಕಟ್ಟೆಯಿಂದ ವಾಪಸು ತರಿಸಲಾಯಿತು; ಮುಂದಿನ ಕೆಲವೇ ವಾರಗಳಲ್ಲಿ ನೂರಕ್ಕೂ ಹೆಚ್ಚು ನಾಯಿಗಳು ಸತ್ತ ವರದಿಗಳು ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ ಕೈಸೇರಿದವು. ಮುದುಡಿದ, ಕಪ್ಪಾದ, ಕಹಿಯಾದ ಕಡಲೆಬೀಜವನ್ನು ಮೊದಲೇ ಆರಿಸಿ ಎಸೆಯಬೇಕು. ಮನೆಯವರು ತಿನ್ನಲಾರದ ಧಾನ್ಯ ನಾಯಿಗೂ ಯೋಗ್ಯವಲ್ಲ.

ಕೊಡುವ ಕ್ರಮ

ಹೊಸ ತಿಂಡಿಯನ್ನು ಮೊದಲ ದಿನ ಒಂದು ತುಣುಕಷ್ಟೇ ಕೊಟ್ಟು ಒಂದೆರಡು ದಿನ ಕಾಯಬೇಕು. ಮೈ ಕೆರೆದುಕೊಳ್ಳುವುದು, ಕಿವಿ ಕೆಂಪಾಗುವುದು, ಭೇದಿ ಕಂಡರೆ ನಿಲ್ಲಿಸಬೇಕು. ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ ಸೇರಿಸಿದರೆ ಯಾವುದು ಒಗ್ಗಲಿಲ್ಲವೆಂದು ತಿಳಿಯುತ್ತದೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಹಿಂದೆ ಮೇದೋಜೀರಕ ಗ್ರಂಥಿಯ ಊತ ಬಂದ ನಾಯಿಗಳಿಗೆ ಪಶುವೈದ್ಯರನ್ನು ಕೇಳದೆ ಯಾವ ತಿಂಡಿಯೂ ಬೇಡ. ಎಳೆಯ ಮರಿಗಳಿಗೂ ಹಾಗೆಯೇ. ಬೀದಿನಾಯಿಗಳಿಗೆ ಕೊಡುವವರು ಉಳಿದ ಹಬ್ಬದಡುಗೆಯ ಬದಲು ಇದೇ ಬಿಸ್ಕತ್ತನ್ನು ಕೊಟ್ಟರೆ ಅವುಗಳಿಗೂ ಒಳಿತು. ಜೊತೆಗೆ ಒಂದು ಬಟ್ಟಲು ನೀರು ಇಟ್ಟರೆ ಇನ್ನೂ ಒಳಿತು.

ನಾಯಿ ಅಕಸ್ಮಾತ್ತಾಗಿ ನಿಷಿದ್ಧ ಪದಾರ್ಥ ತಿಂದರೆ ಲಕ್ಷಣಕ್ಕಾಗಿ ಕಾಯದೆ ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಬೇಕು. ಏನು ತಿಂದಿತು, ಎಷ್ಟು, ಎಷ್ಟು ಹೊತ್ತಾಯಿತು, ನಾಯಿಯ ತೂಕವೆಷ್ಟು ಎಂಬ ನಾಲ್ಕು ವಿವರ ಹೇಳಿ, ಪೊಟ್ಟಣ ಉಳಿದಿದ್ದರೆ ಜೊತೆಗೊಯ್ಯಬೇಕು. ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸಬಾರದು. ರಕ್ತದಲ್ಲಿ ಸೋಡಿಯಂ ಏರಿ ಅದೇ ಮತ್ತೊಂದು ವಿಷವಾದೀತು. ವಾಂತಿ ಮಾಡಿಸಬೇಕೇ, ಹೇಗೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.